ಬೀದರಿನ ಸುರಂಗ ಬಾವಿ, ಒಮಾನಿನ ಫಲಜು

ಊರಿನಿಂದ ಯಾರೇ ಫೋನ್ ಮಾಡಲಿ, ಮಾತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. "ಅವರಿಗೇನಪ್ಪ, ನೆಲ ಅಗೆದರೆ ಎಣ್ಣೆ. ಅಷ್ಟು ದುಡ್ಡಿದ್ದರೆ ಯಾರು ಬೇಕಾದರೂ ಉದ್ಧಾರ ಆಗುತ್ತಾರೆ." ಇನ್ನೊಂದು ಮಾತೂ ಇದೆ, ಅದನ್ನು ಹೇಳುವವರು ಸ್ವಲ್ಪ ಓದಿಕೊಂಡವರು. "ಅರಬರು ತಾವಾಗಿ ಬದಲಾಗುವ ಜನ ಅಲ್ಲ, ಹೊರಗಿನವರು ಬಂದು ಬದಲಾಯಿಸಬೇಕು." 2009ರಲ್ಲಿ ಒಮಾನಿನ ಮಸ್ಕತ್‌ನಲ್ಲಿ ವಿಮಾನ ಇಳಿದಾಗ ನಾನೂ ಈ ಎರಡನ್ನೂ ನಂಬಿದ್ದೆ. ಈಗ ನಂಬುವುದಿಲ್ಲ. ಯಾಕೆ ಅಂತ ಫೋನಿನಲ್ಲಿ ಹೇಳಲು ಹೋದರೆ "ಆಯ್ತಪ್ಪ, ರಾತ್ರಿ ಊಟ ಆಯ್ತಾ" ಅಂತ ಮಾತು ತಿರುಗಿಸುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನನ್ನದು ಬೀದರ್ ಜಿಲ್ಲೆ ಔರಾದ್ ತಾಲೂಕಿನ ಒಂದು ಹಳ್ಳಿ. ಇಲ್ಲಿ ನೀರಿನ ಪೈಪ್‌ಲೈನ್ ಹಾಕುವ ಗುತ್ತಿಗೆ ಕಂಪನಿಯೊಂದರಲ್ಲಿ ಸೈಟ್ ಸೂಪರ್‌ವೈಸರ್. ಗಲ್ಫ್ ಕನ್ನಡಿಗರು ಅಂದರೆ ಮಂಗಳೂರು, ಉಡುಪಿ, ಭಟ್ಕಳದವರು ಅಂತಲೇ ಲೆಕ್ಕ. ಬೀದರಿನವನು ಅಂದರೆ ಇಲ್ಲಿನ ಕನ್ನಡದವರೇ ಒಂದು ಸಲ ತಿರುಗಿ ನೋಡುತ್ತಾರೆ. ಆದರೆ ಬೀದರಿನವನಿಗೆ ಒಂದು ಲಾಭ ಇದೆ. ಉರ್ದು ಕಿವಿಗೆ ಬೀಳುತ್ತಲೇ ಬೆಳೆದಿರುತ್ತೇವೆ, ಅರಬ್ಬಿ ಪದಗಳು ಬೇಗ ಹತ್ತುತ್ತವೆ. ಬಂದ ಮೊದಲ ತಿಂಗಳಲ್ಲೇ ಗೊತ್ತಾಯಿತು, ನಮ್ಮ ತಹಶೀಲ್ದಾರ್ ಕಚೇರಿಯಲ್ಲಿ ಆಡುವ ಅರ್ಧ ಮಾತು ಇವರ ಕಡೆಯಿಂದ ಬಂದದ್ದು. ತಾಲೂಕು, ಜಿಲ್ಲೆ, ಅರ್ಜಿ, ತಕರಾರು, ಕಾನೂನು, ವಕೀಲ. ಹಕ್ಕು ಕೂಡ. "ನಮ್ಮ ಹಕ್ಕು ನಮಗೆ ಕೊಡಿ" ಅಂತ ಬೀದರಿನ ಅಂಬೇಡ್ಕರ್ ವೃತ್ತದಲ್ಲಿ ನಿಂತು ಕೂಗುವಾಗ ನಾವು ಕೂಗುವುದು ಅರಬ್ಬಿಯ ಹಕ್. ಅವರಿಗೆ ಹಕ್ಕು ಅಂದರೇನು ಅಂತಲೇ ಗೊತ್ತಿಲ್ಲ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇದರಿಂದ ಏನೂ ಸಾಬೀತಾಗುವುದಿಲ್ಲ ಅಂತ ಗೊತ್ತು. ಆದರೂ ಹೇಳುತ್ತೇನೆ.

ಇಲ್ಲಿನ ಫಲಜು, ಅಂದರೆ ನೀರು ತರುವ ಸುರಂಗ ಕಾಲುವೆ, ನೋಡಿದ್ದು ಬಂದ ಮೂರನೇ ವರ್ಷ. ನಮ್ಮ ಕಂಪನಿಯ ಸರ್ವೇಯರ್ ಒಬ್ಬರು ಒಮಾನಿ, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಭಾಯಿ ಅನ್ನುತ್ತೇನೆ, ಅವರು ನನ್ನನ್ನು ಸದೀಕ್ ಅನ್ನುತ್ತಾರೆ, ಅಂದರೆ ಸ್ನೇಹಿತ. ಮಾತು ಅರ್ಧ ಹಿಂದಿ, ಅರ್ಧ ಅರಬ್ಬಿ. ಅವರ ಊರು ಬಿರ್ಕತ್ ಅಲ್ ಮೌಜ್. ನಿಜ್ವಾ ಪಟ್ಟಣದ ಹತ್ತಿರ, ಜಬಲ್ ಅಖ್ದರ್ ಬೆಟ್ಟದ ಬುಡದಲ್ಲಿದೆ. ಹೆಸರಿಗೆ ಬಾಳೆಯ ಕೊಳ ಅಂತ ಅರ್ಥ. ಒಂದು ಶುಕ್ರವಾರ ಊಟಕ್ಕೆ ಕರೆದಿದ್ದರು. ಖರ್ಜೂರ ತಿಂದು, ಏಲಕ್ಕಿ ಹಾಕಿದ ಕಹ್ವಾ ಮೂರು ಕಪ್ಪು ಕುಡಿದು (ಸಾಕು ಅನ್ನಬೇಕಾದರೆ ಕಪ್ಪನ್ನು ಅಲ್ಲಾಡಿಸಬೇಕು, ಅದು ಗೊತ್ತಿಲ್ಲದೆ ಕುಡಿಯುತ್ತಲೇ ಇದ್ದೆ) ತೋಟದ ಕಡೆ ಹೊರಟೆವು.

ಅಲ್ಲಿ ನೀರು ನೆಲದೊಳಗಿನ ಸುರಂಗದಲ್ಲಿ ಬರುತ್ತದೆ. ಬೆಟ್ಟದ ಕಡೆ ಎಲ್ಲೋ ಒಂದು ತಾಯಿ ಬಾವಿ. ಅವರೂ ಅದನ್ನು ತಾಯಿ ಅಂತಲೇ ಕರೆಯುವುದು, ಉಮ್. ಅಲ್ಲಿಂದ ತುಸುವೇ ಇಳಿಜಾರಾಗಿ ಕೊರೆದ ಸುರಂಗ, ನಡುನಡುವೆ ಗಾಳಿಗೂ ಹೂಳೆತ್ತುವುದಕ್ಕೂ ಬಾಯಿಗಳು. ಪಂಪಿಲ್ಲ, ಕರೆಂಟಿಲ್ಲ. ಹೊರಗೆ ಬಂದ ನೀರು ಒಂದು ಕಡೆ ಮೂರು ಕಾಲುವೆಯಾಗಿ ಒಡೆಯುತ್ತದೆ. ಭಾಯಿ ಅಲ್ಲಿ ನನ್ನನ್ನು ನಿಲ್ಲಿಸಿ, ಒಂದು ಒಣಗಿದ ಗರಿ ಎತ್ತಿಕೊಂಡು ಮೂರು ತುಂಡು ಮಾಡಿ, ಒಂದೊಂದು ಕಾಲುವೆಗೆ ಒಂದೊಂದು ಬಿಟ್ಟರು. ಮೂರೂ ಸರಿಸಮ ಹೋದವು. ಇನ್ನೂರು ಮೀಟರ್ ಪೈಪಿಗೆ ಲೆವೆಲ್ ಹಿಡಿಯಲು ನಾವು ಲೇಸರ್ ಇಟ್ಟುಕೊಂಡೂ ಬೈಸಿಕೊಳ್ಳುತ್ತೇವೆ. ಇವರ ಮುತ್ತಜ್ಜಂದಿರು ಅದನ್ನು ಕಲ್ಲು ಗಾರೆಯಲ್ಲಿ ಮಾಡಿಟ್ಟು ಹೋಗಿದ್ದಾರೆ. ದಾವೂದನ ಮಗ ಸುಲೇಮಾನ್ ಹತ್ತು ದಿನದಲ್ಲಿ ಹತ್ತು ಸಾವಿರ ಫಲಜು ಜಿನ್‌ಗಳ ಕೈಲಿ ಕೊರೆಸಿದ ಅಂತ ಒಂದು ಕತೆ ಇದೆ. ನಮ್ಮಲ್ಲಿ ಪಾಂಡವರು ಒಂದೇ ರಾತ್ರಿಯಲ್ಲಿ ಗುಡಿ ಕಟ್ಟಿದರು ಅನ್ನುವುದಿಲ್ಲವೇ, ಹಾಗೆ.

ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ನೀರು ಹಂಚುವ ಲೆಕ್ಕ. ನೀರು ಹೊರಬೀಳುವ ಜಾಗದಲ್ಲಿ ಕುಡಿಯಲು ಯಾರು ಬೇಕಾದರೂ ತುಂಬಿಕೊಳ್ಳಬಹುದು, ದುಡ್ಡು ಕೇಳುವಂತಿಲ್ಲ. ಆಮೇಲೆ ಮಸೀದಿ, ಸ್ನಾನದ ಮನೆಗಳು. ಅದಾದ ಮೇಲೆ ತೋಟಗಳು, ಸರದಿ ಪ್ರಕಾರ. ಪಾಲನ್ನು ಅಳೆಯುವುದು ಲೀಟರಿನಲ್ಲಿ ಅಲ್ಲ, ಹೊತ್ತಿನಲ್ಲಿ. ಒಂದು ಅಥರ್ ಅಂದರೆ ಸುಮಾರು ಅರ್ಧ ಗಂಟೆಯ ನೀರು. ಹಗಲು ಹೊತ್ತು ನೆಟ್ಟ ಕೋಲಿನ ನೆರಳು ನೋಡುತ್ತಿದ್ದರು, ರಾತ್ರಿ ನಕ್ಷತ್ರ. ಈಗ ಗಡಿಯಾರ. ಕೆಲವು ಪಾಲನ್ನು ಫಲಜಿನ ರಿಪೇರಿಗೇ ಅಂತ ತೆಗೆದಿಟ್ಟು, ಹರಾಜು ಹಾಕಿ, ಆ ದುಡ್ಡಲ್ಲಿ ಹೂಳು ತೆಗೆಸುತ್ತಾರೆ. ಇದನ್ನೆಲ್ಲ ನೋಡಿಕೊಳ್ಳುವವನ ಹೆಸರು ವಕೀಲ್. ನಮ್ಮ ಕೋರ್ಟಿನ ವಕೀಲನೇ, ಊರಿನ ಪರವಾಗಿ ನಿಂತವನು ಅನ್ನುವ ಅರ್ಥದಲ್ಲಿ.

"ವಕೀಲ್ ಮೋಸ ಮಾಡಿದರೆ?" ಅಂತ ಕೇಳಿದೆ. ಬೀದರಿನವನಿಗೆ ಬರುವ ಮೊದಲ ಪ್ರಶ್ನೆ ಅದೇ.

"ಊರವರು ಸೇರಿ ಇನ್ನೊಬ್ಬನನ್ನು ಹಾಕುತ್ತಾರೆ."

"ಶೇಖ್ ಬಂದು ನನಗೆ ಈಗಲೇ ಬೇಕು ಅಂದರೆ?"

ಭಾಯಿ ನಕ್ಕರು. "ಅವನ ಪಾಲು ಎಷ್ಟು ಹೊತ್ತಿಗೋ ಅಷ್ಟು ಹೊತ್ತಿಗೆ."

ಇಂಥ 3000ಕ್ಕೂ ಜಾಸ್ತಿ ಫಲಜುಗಳಲ್ಲಿ ಒಮಾನಿನಲ್ಲಿ ಈಗಲೂ ನೀರು ಹರಿಯುತ್ತಿದೆ. 2006ರಲ್ಲಿ ಐದನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಈ ಊರಿನದೂ ಅದರಲ್ಲಿದೆ. ಅಲ್ಲಿ ಎಲ್ಲರೂ ಸಮ ಅಂತ ನಾನೇನೂ ಹೇಳುತ್ತಿಲ್ಲ. ಪಾಲಿಲ್ಲದವನು ದುಡ್ಡು ಕೊಟ್ಟೇ ಕೊಳ್ಳಬೇಕು. ಆ ಹರಾಜಿನಲ್ಲಿ ಹೆಂಗಸರು ಕೂತದ್ದನ್ನು ನಾನು ನೋಡಿಲ್ಲ. ಆದರೆ ಲೆಕ್ಕ ಎಲ್ಲರಿಗೂ ಗೊತ್ತಿದೆ, ತಪ್ಪಿದರೆ ಕೇಳುವ ಜಾಗ ಇದೆ. ಸುಧಾರಣೆ ಅನ್ನುವುದಕ್ಕೆ ಹಿಡಿದುಕೊಳ್ಳಲು ಇಂಥದೊಂದು ಕೊಂಬೆ ಬೇಕು, ಸುಮ್ನೆ ಗಾಳಿಯಲ್ಲಿ ಅದು ನಿಲ್ಲುವುದಿಲ್ಲ ಅಂತ ನನಗೆ ಅನಿಸಲು ಶುರುವಾದದ್ದು ಅವತ್ತಿನಿಂದ.

ಈಗ ಎಣ್ಣೆಯ ಮಾತಿಗೆ ಬರೋಣ. ಒಮಾನ್ ಎಣ್ಣೆ ಮಾರಲು ಶುರು ಮಾಡಿದ್ದು 1967ರಲ್ಲಿ. ಎಣ್ಣೆಯೇ ಉದ್ಧಾರ ಮಾಡುವುದಾದರೆ ಅಂದೇ ಮಾಡಬೇಕಿತ್ತು, ಅಲ್ವಾ? 1970ರವರೆಗೂ ಇಡೀ ದೇಶದಲ್ಲಿದ್ದದ್ದು ಮೂರು ಶಾಲೆ, ಮಕ್ಕಳು ಒಂಬೈನೂರು ಚಿಲ್ಲರೆ, ಎಲ್ಲರೂ ಗಂಡುಮಕ್ಕಳು. ಡಾಂಬರ್ ರಸ್ತೆ ಹತ್ತು ಕಿಲೋಮೀಟರ್. ಆಸ್ಪತ್ರೆ ಅಂದರೆ ಅಮೆರಿಕದ ಮಿಷನ್‌ನವರು ನಡೆಸುತ್ತಿದ್ದದ್ದು. ಕತ್ತಲಾದ ಮೇಲೆ ಮಸ್ಕತ್ ಕೋಟೆಯ ಬಾಗಿಲು ಹಾಕುತ್ತಿದ್ದರು, ಆಮೇಲೆ ಓಡಾಡುವವನ ಕೈಯಲ್ಲಿ ಲಾಂದ್ರ ಇರಲೇಬೇಕು. ಸುಲ್ತಾನ್ ಸಯೀದ್ ಬಿನ್ ತೈಮೂರ್ ದುಡ್ಡು ಬಿಚ್ಚುತ್ತಿರಲಿಲ್ಲ. 1970ರ ಜುಲೈ 23ರಂದು ಮಗ ಕಾಬೂಸ್ ಅಪ್ಪನನ್ನು ಇಳಿಸಿ ತಾನು ಕೂತ. ಅದರಲ್ಲಿ ಬ್ರಿಟಿಷರ ಕೈ ಇತ್ತು, ಆ ಕಡೆ ದಕ್ಷಿಣದ ಧೋಫಾರ್‌ನಲ್ಲಿ ಬಂಡಾಯದ ಯುದ್ಧ ನಡೆಯುತ್ತಿತ್ತು. ಜನರಿಗೆ ಶಾಲೆ, ಆಸ್ಪತ್ರೆ ಕೊಡದೆ ಅದನ್ನು ಗೆಲ್ಲುವಂತಿರಲಿಲ್ಲ. ಹಾಗಾಗಿ ಇದನ್ನು ಪೂರ್ತಿ ಮನೆಯೊಳಗಿನ ಸುಧಾರಣೆ ಅಂದರೆ ನಾನೇ ಸುಳ್ಳು ಹೇಳಿದಂತೆ. ಇಲ್ಲಿಯವರು ಮಾತ್ರ ಅದನ್ನು ನಹ್ದಾ ಅನ್ನುತ್ತಾರೆ, ಎದ್ದು ನಿಂತದ್ದು ಅಂತ.

ನಿಂತದ್ದಂತೂ ನಿಜ. ಟೆಂಟಿನಲ್ಲಿ ಪಾಠ ಮಾಡಿದರು, ಈಜಿಪ್ಟಿನಿಂದ ಮೇಷ್ಟ್ರುಗಳನ್ನು ಕರೆಸಿದರು. ಆಸ್ಪತ್ರೆಗಳಿಗೆ ಕೇರಳದಿಂದ, ನಮ್ಮ ಕರಾವಳಿಯಿಂದ ನರ್ಸಮ್ಮಂದಿರು ಬಂದರು. 1986ರಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. 1970ರಲ್ಲಿ ಸಾವಿರ ಹಸುಗೂಸಿಗೆ ನೂರಕ್ಕೂ ಜಾಸ್ತಿ ಸಾಯುತ್ತಿದ್ದ ದೇಶದಲ್ಲಿ ಆ ಸಂಖ್ಯೆ ಹತ್ತರ ಆಸುಪಾಸಿಗೆ ಇಳಿಯಿತು. 2010ರಲ್ಲಿ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿ 135 ದೇಶಗಳ ನಲವತ್ತು ವರ್ಷದ ಲೆಕ್ಕ ತೆಗೆದಾಗ ಎಲ್ಲರಿಗಿಂತ ಜಾಸ್ತಿ ಮುಂದೆ ಬಂದ ದೇಶ ಒಮಾನ್. ಚೀನಾ ಎರಡನೆಯದು. ಮೊದಲ ಹತ್ತರಲ್ಲಿ ಐದು ಅರಬ್ ದೇಶಗಳಿದ್ದವು. ಒಮಾನ್, ಸೌದಿ ಬಿಟ್ಟರೆ ಟ್ಯುನೀಷಿಯಾ, ಅಲ್ಜೀರಿಯಾ, ಮೊರಾಕೊ. ಮೊರಾಕೊದಲ್ಲಿ ಹೇಳಿಕೊಳ್ಳುವಂಥ ಎಣ್ಣೆಯೇ ಇಲ್ಲ. ನಮ್ಮ ಊರಿನ ಫೋನ್ ಪಂಡಿತರು ಇದನ್ನು ಸ್ವಲ್ಪ ಗಮನಿಸಬೇಕು.

ಆದರೆ ಆ ವರದಿ ಬಂದದ್ದು ನವೆಂಬರ್‌ನಲ್ಲಿ. ಮರು ತಿಂಗಳೇ, ಅದೇ ಟ್ಯುನೀಷಿಯಾದ ಸಿದಿ ಬೂಜಿದ್ ಅನ್ನುವ ಊರಲ್ಲಿ ತಳ್ಳುಗಾಡಿಯ ಹಣ್ಣು ವ್ಯಾಪಾರಿ ಮೊಹಮ್ಮದ್ ಬುವಜೀಜಿ ಮೈಗೆ ಬೆಂಕಿ ಹಚ್ಚಿಕೊಂಡ. ತಕ್ಕಡಿ ಕಿತ್ತುಕೊಂಡಿದ್ದರು, ದೂರು ಕೇಳುವವರಿರಲಿಲ್ಲ. 2011ರ ಫೆಬ್ರುವರಿಗೆ ಅದರಿಂದ ಎದ್ದ ಪ್ರತಿಭಟನೆ ಒಮಾನಿನ ಸೋಹಾರ್‌ಗೂ ಬಂತು. ನಾನು ಆಗ ಅಲ್ಲೇ ಸೈಟಿನಲ್ಲಿದ್ದೆ. ಗ್ಲೋಬ್ ವೃತ್ತದಲ್ಲಿ ಹುಡುಗರು ಕೂತಿದ್ದರು. ಕ್ಯಾಂಪಿನಿಂದ ಹೊರಗೆ ಹೋಗಬೇಡಿ ಅಂತ ನಮಗೆ ಹೇಳಿದ್ದರು, ನಾಲ್ಕು ದಿನ ಬೇಳೆ ಅನ್ನ ತಿಂದು ಕೂತೆವು. ಆ ಹುಡುಗರೆಲ್ಲ ಓದಿದವರು. ನಹ್ದಾದ ಶಾಲೆಗಳಲ್ಲೇ ಓದಿದವರು. ಅವರು ಕೇಳಿದ್ದು ಕೆಲಸ, ಮತ್ತೆ ಲಂಚ ತಿಂದ ಮಂತ್ರಿಗಳನ್ನು ತೆಗೆಯಿರಿ ಅಂತ. ಸುಲ್ತಾನ್ 50,000 ಕೆಲಸ ಘೋಷಿಸಿದರು, ಕೆಲಸ ಇಲ್ಲದವರಿಗೆ ತಿಂಗಳಿಗೆ 150 ರಿಯಾಲ್ ಅಂದರು, ಹಲವು ಮಂತ್ರಿಗಳನ್ನು ಮನೆಗೆ ಕಳಿಸಿದರು, ಆ ವರ್ಷದ ಕೊನೆಯಲ್ಲಿ ಜನ ಆರಿಸಿ ಕಳಿಸುವ ಶೂರಾ ಸಭೆಗೆ ಒಂದಿಷ್ಟು ಅಧಿಕಾರವನ್ನೂ ಕೊಟ್ಟರು. ಗುಂಡೇಟಿಗೆ ಸತ್ತವರೂ ಇದ್ದರು. ಆಮೇಲೆ ಹಲವರು ಜೈಲಿಗೂ ಹೋದರು.

ಶಾಲೆ ಕೊಟ್ಟ ಮೇಲೆ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಇದನ್ನು ಮೊದಲೇ ಹೇಳಿದವರು ಅರಬರೇ, 2002ರಲ್ಲಿ. ಅರಬ್ ಮಾನವ ಅಭಿವೃದ್ಧಿ ವರದಿ ಅಂತ ಕೈರೋದಲ್ಲಿ ಬಿಡುಗಡೆ ಆಯಿತು. ಹೆಸರು ವಿಶ್ವಸಂಸ್ಥೆಯದು, ಬರೆದವರು ಅರಬ್ ವಿದ್ವಾಂಸರು. ಮುಂದೆ ನಿಂತು ಮಾಡಿಸಿದವರು ಜೋರ್ಡಾನಿನ ರೀಮಾ ಖಲಫ್ ಹುನೈದಿ, ಮುಖ್ಯ ಲೇಖಕರು ಈಜಿಪ್ಟಿನ ನಾದರ್ ಫರ್ಗಾನಿ. 22 ಅರಬ್ ದೇಶಗಳಿಗೆ ಕನ್ನಡಿ ಹಿಡಿದರು. ನಮಗೆ ಮೂರು ಕೊರತೆ ಇದೆ ಅಂದರು: ಸ್ವಾತಂತ್ರ್ಯದ್ದು, ಹೆಣ್ಣುಮಕ್ಕಳಿಗೆ ಜಾಗ ಕೊಡದಿರುವುದು, ಅರಿವಿನದು. ಓದು ಬರಹ ಬರದ ದೊಡ್ಡವರು ಆರೂವರೆ ಕೋಟಿ, ಅದರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. 1999ರಲ್ಲಿ ಎಲ್ಲಾ ಅರಬ್ ದೇಶಗಳ ಒಟ್ಟು ಉತ್ಪನ್ನ ಸೇರಿಸಿದರೂ ಒಂದು ಸ್ಪೇನ್‌ನಷ್ಟಾಗುವುದಿಲ್ಲ. ವರ್ಷಕ್ಕೆ ಅರಬ್ಬಿಗೆ ಅನುವಾದ ಆಗುವ ಪುಸ್ತಕ 330 ಅಂತಲೂ ಬರೆದರು. ಈ ಕೊನೆಯ ಲೆಕ್ಕದ ಬಗ್ಗೆ ಆಮೇಲೆ ಸಾಕಷ್ಟು ತಕರಾರು ಬಂತು, ಅದನ್ನು ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ನನ್ನ ಎದೆಗೆ ತಾಕಿದ್ದು ಬೇರೆ ಒಂದು. ಅವರು ಮಾತಾಡಿಸಿದ ಹದಿಹರೆಯದ ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನ ದೇಶ ಬಿಟ್ಟು ಹೋಗಬೇಕು ಅಂದಿದ್ದರು. ನಮ್ಮ ಹಳ್ಳಿಯಲ್ಲಿ ಈ ಪ್ರಶ್ನೆ ಕೇಳಿದರೆ ಹೈದರಾಬಾದೋ ಪುಣೆಯೋ ಅಂತ ಅಷ್ಟೇ ವ್ಯತ್ಯಾಸ.

ಅದೇ 2002ರಲ್ಲಿ ನಮ್ಮಲ್ಲೂ ಒಂದು ಕನ್ನಡಿ ಬಂತು. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ. ಕರ್ನಾಟಕದ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತಿ ಹಿಂದುಳಿದವು. ಅತಿ ಹಿಂದುಳಿದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಬುರಗಿ ವಿಭಾಗದವು, ನಮ್ಮ ಔರಾದೂ ಅದರಲ್ಲೊಂದು. ಆ ವರದಿ ಬಂದ ಮೇಲೆ ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗಲು 2007-08ರವರೆಗೆ ಕಾಯಬೇಕಾಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ತಿದ್ದುಪಡಿ ಬಂದದ್ದು 2012ರಲ್ಲಿ. ಅಷ್ಟರಲ್ಲಿ ನಾನು ಮಸ್ಕತ್ ಸೇರಿ ಮೂರು ವರ್ಷ ಆಗಿತ್ತು. ಬೆಂಗಳೂರಿನ ಸ್ನೇಹಿತರು ಅರಬ್ ಹಿಂದುಳಿತನದ ಬಗ್ಗೆ ಮಾತಾಡುವಾಗ ನನಗೆ ಒಳಗೊಳಗೇ ನಗು ಬರುತ್ತದೆ. ಬೆಂಗಳೂರಿಗೂ ಔರಾದಿಗೂ ಇರುವ ದೂರವನ್ನು ಅವರು ಯಾವತ್ತೂ ಅಳೆದವರಲ್ಲ.

ಕನ್ನಡಿ ಹಿಡಿದವರಿಗೆ ಆಮೇಲೆ ಏನಾಯಿತು ಅನ್ನುವುದು ಬೇಜಾರಿನ ಕತೆ. 2003ರಲ್ಲಿ ಅಮೆರಿಕ ಇರಾಕ್‌ಗೆ ನುಗ್ಗಿತು. 2004ರ ಶುರುವಿನಲ್ಲಿ ಬುಷ್ ಸರ್ಕಾರ ಇದೇ ಅರಬರ ವರದಿಯ ಅಂಕಿಗಳನ್ನು ಎತ್ತಿಕೊಂಡು, ಇಡೀ ಪ್ರದೇಶವನ್ನು ಸುಧಾರಿಸುವ ಒಂದು ಯೋಜನೆಯ ಕರಡು ಮಾಡಿತು. ಅದು ಅಲ್ ಹಯಾತ್ ಪತ್ರಿಕೆಗೆ ಸಿಕ್ಕಿ ಬಯಲಾಯಿತು. ಆಮೇಲೆ ಕೇಳಬೇಕೇ. ಸುಧಾರಣೆ ಬೇಡ ಅನ್ನುತ್ತಿದ್ದ ದೊರೆಗಳಿಗೆ ಒಂದು ಒಳ್ಳೆಯ ಮಾತು ಸಿಕ್ಕಿತು. ಯಾರಾದರೂ ಬಾಯಿ ಬಿಟ್ಟರೆ "ಇದು ಅಮೆರಿಕದ ಮಾತು" ಅಂದರೆ ಮುಗಿಯಿತು. ಫರ್ಗಾನಿಯವರೇ ಆ ಯೋಜನೆಯನ್ನು ಖಂಡಿಸಿದರು. ಮನೆಯವರು ತಮ್ಮ ತಮ್ಮಲ್ಲಿ ಮಾತಾಡಿಕೊಂಡು ಸೋರುವ ಮಾಳಿಗೆ ಸರಿ ಮಾಡಬೇಕು ಅಂದುಕೊಳ್ಳುತ್ತಿರುವಾಗ, ಪಕ್ಕದ ಬೀದಿಯವನು ಬುಲ್ಡೋಜರ್ ತಂದು ನಿಲ್ಲಿಸಿದ ಹಾಗೆ.

ಹೊರಗಿನವರು ಬೇಕಾಗಿಯೇ ಇರಲಿಲ್ಲ ಅನ್ನುವುದಕ್ಕೆ ತಾಹರ್ ಹದ್ದಾದ್ ಸಾಕು. ಟ್ಯುನಿಸ್‌ನ ಹಳೆಯ ಜೈತೂನಾ ಮದರಸಾದಲ್ಲಿ ಓದಿದವನು. 1930ರಲ್ಲಿ ಹೆಣ್ಣುಮಕ್ಕಳ ಬಗ್ಗೆ ಒಂದು ಪುಸ್ತಕ ಬರೆದು, ಬಹುಪತ್ನಿತ್ವ ಬೇಡ, ಹುಡುಗಿಯರನ್ನು ಓದಿಸಿ ಅಂತ ಶರಿಯತ್‌ನ ಒಳಗಿನಿಂದಲೇ ವಾದ ಮಾಡಿದ. ಜೈತೂನಾದವರೇ ಅವನ ಮೇಲೆ ಬಿದ್ದರು, ಪರೀಕ್ಷೆಗೂ ಕೂರಿಸಲಿಲ್ಲ. ಐದು ವರ್ಷಕ್ಕೆ, ಇನ್ನೂ ಮೂವತ್ತರ ಹರೆಯದಲ್ಲೇ ಸತ್ತು ಹೋದ. 1956ರಲ್ಲಿ ಟ್ಯುನೀಷಿಯಾ ಸ್ವತಂತ್ರ ಆದ ಕೆಲವೇ ತಿಂಗಳಲ್ಲಿ ಬೂರ್ಗೀಬಾ ಸರ್ಕಾರ ತಂದ ಕೌಟುಂಬಿಕ ಕಾನೂನಿನಲ್ಲಿ ಹದ್ದಾದ್ ಹೇಳಿದ ಎಷ್ಟೋ ಮಾತುಗಳಿವೆ. ನಮ್ಮ ಹಿಂದೂ ವಿವಾಹ ಕಾಯ್ದೆ ಬಂದದ್ದು ಅದಕ್ಕೆ ಒಂದೇ ವರ್ಷ ಮುಂಚೆ.

ಆದರೆ ಜನರ ಕೈಗೆ ಓಟು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವ ಸುಲಭದ ಮಾತನ್ನೂ ನಾನು ಒಪ್ಪುವುದಿಲ್ಲ. ಕುವೈತ್ ನೋಡಿ. 1999ರಲ್ಲಿ ಅಲ್ಲಿನ ಅಮೀರ್ ಹೆಂಗಸರಿಗೆ ಓಟು ಕೊಡೋಣ ಅಂದರೆ, ಗಂಡಸರು ಆರಿಸಿ ಕಳಿಸಿದ ಸಂಸತ್ತು 32ಕ್ಕೆ 30 ಮತಗಳಿಂದ ಆಗಲ್ಲ ಅಂದಿತು. ಹೆಂಗಸರು ಬಿಡಲಿಲ್ಲ, ಬೀದಿಗೆ ಬಂದರು, ಕೋರ್ಟಿಗೆ ಹೋದರು. 2005ರಲ್ಲಿ ಅದೇ ಸಂಸತ್ತು ಒಪ್ಪಿತು, 2009ರಲ್ಲಿ ನಾಲ್ವರು ಹೆಂಗಸರು ಗೆದ್ದು ಒಳಗೆ ಕೂತರು. ಒಮಾನಿನಲ್ಲಿ ಇನ್ನೊಂದು ಥರ. ಹೆಣ್ಣುಮಕ್ಕಳು ವಿಶ್ವವಿದ್ಯಾಲಯದಲ್ಲಿ ಹುಡುಗರನ್ನು ಹಿಂದೆ ಹಾಕಿದ್ದಾರೆ, ನಮ್ಮ ಕಚೇರಿಯಲ್ಲೇ ಡ್ರಾಯಿಂಗ್ ಪಾಸ್ ಮಾಡುವ ಎಂಜಿನಿಯರಮ್ಮನ ಸಹಿ ಇಲ್ಲದೆ ಒಂದಡಿ ಪೈಪ್ ಇಳಿಯುವುದಿಲ್ಲ. 2023ರ ಶೂರಾ ಚುನಾವಣೆಯಲ್ಲಿ ಮೊಬೈಲ್ ಆ್ಯಪಿನಲ್ಲೇ ಓಟು ಹಾಕಿದರು. 32 ಹೆಂಗಸರು ನಿಂತಿದ್ದರು. ಗೆದ್ದವರು ಒಬ್ಬರೂ ಇಲ್ಲ. ಅದೇ ವರ್ಷ ನಮ್ಮ ವಿಧಾನಸಭೆಯ 224 ಜನರಲ್ಲಿ ಹೆಂಗಸರು 10. 1996ರಲ್ಲಿ ಮೊದಲ ಸಲ ಮಂಡಿಸಿದ ಮಹಿಳಾ ಮೀಸಲಾತಿ ಮಸೂದೆಯನ್ನು ಪಾಸ್ ಮಾಡಲು ನಮಗೆ 2023ರವರೆಗೆ ಬೇಕಾಯಿತು. ಯಾರು ಯಾರಿಗೆ ಬುದ್ಧಿ ಹೇಳುವುದು?

ಟ್ಯುನೀಷಿಯಾದವರು 2014ರಲ್ಲಿ ಜಗಳಾಡಿ, ಕೂತು ಮಾತಾಡಿ, ತಾವೇ ಒಂದು ಸಂವಿಧಾನ ಬರೆದುಕೊಂಡರು. ಅದಕ್ಕೆ ದಾರಿ ಮಾಡಿದ ಕಾರ್ಮಿಕ ಸಂಘ, ವಕೀಲರ ಸಂಘ ಸೇರಿ ನಾಲ್ಕು ಸಂಸ್ಥೆಗಳಿಗೆ 2015ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 2021ರಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತಿಗೆ ಬಾಗಿಲು ಹಾಕಿಸಿದರು. ಮನೆಯಲ್ಲೇ ಬೆಳೆದದ್ದು ಅಂದ ಮಾತ್ರಕ್ಕೆ ಗಿಡ ಒಣಗುವುದೇ ಇಲ್ಲ ಅಂತಿಲ್ಲ.

ಇಷ್ಟು ಹೊಗಳಿದ ಮೇಲೆ ನನ್ನ ಕತೆಯನ್ನೂ ಹೇಳಬೇಕು. 2016ರಲ್ಲಿ ನನಗೆ ಬೇರೆ ಕಂಪನಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಆಗಿನ ಕಾನೂನು ಹೇಗಿತ್ತು ಅಂದರೆ, ಹಳೆಯ ಮಾಲೀಕ ತನ್ನ ಅಡ್ಡಿಯಿಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ ಕೊಡದಿದ್ದರೆ ಎರಡು ವರ್ಷ ಒಮಾನಿಗೆ ಕಾಲಿಡುವಂತಿಲ್ಲ. ನನ್ನ ಅರ್ಬಾಬ ಕೊಡಲಿಲ್ಲ. ಜಗಳ ಆಡಲಿಲ್ಲ, ಕೆಟ್ಟ ಮಾತೂ ಆಡಲಿಲ್ಲ. ಮೂರು ಸಲ ಹೋದೆ, ಮೂರು ಸಲವೂ ಟೀ ಕೊಡಿಸಿ "ಇನ್‌ಶಾ ಅಲ್ಲಾ" ಅಂದ. ಕೊನೆಗೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋದೆ. ಮಗಳ ಶಾಲೆಯ ಫೀಸು ಕಟ್ಟಲು ಅವಳ ಅಮ್ಮನ ಬಳೆ ಅಡವಿಡಬೇಕಾಯಿತು. ಮಾನವ ಅಭಿವೃದ್ಧಿಯ ಪಟ್ಟಿಯಲ್ಲಿ ಒಮಾನ್ ಮೇಲೆ ಹೋಗುತ್ತಿದ್ದ ವರ್ಷಗಳವು. ಆ ಮಾನವರಲ್ಲಿ ನಾನು ಇದ್ದೆನೋ ಇಲ್ಲವೋ ಅಂತ ಆಗ ಬಹಳ ಸಲ ಅನಿಸಿದೆ. ಈ ದೇಶದಲ್ಲಿರುವ ಹತ್ತು ಜನರಲ್ಲಿ ಸುಮಾರು ನಾಲ್ವರು ನನ್ನಂಥ ಹೊರಗಿನವರು. ರಸ್ತೆ ಹಾಕಿದವರು, ನೀರು ತಂದವರು, ಮಗು ಆಡಿಸಿದವರು. ನಮ್ಮ ಪಾಲು ಎಷ್ಟು ಹೊತ್ತಿನದು ಅಂತ ಯಾವ ಲೆಕ್ಕದಲ್ಲೂ ಬರೆದಿಲ್ಲ.

ಆ ಎನ್‌ಒಸಿ ನಿಯಮವನ್ನು 2021ರ ಜನವರಿಯಿಂದ ತೆಗೆದು ಹಾಕಿದರು. ಕರಾರು ಮುಗಿದರೆ ಈಗ ಬೇರೆ ಕಡೆ ಹೋಗಬಹುದು. ಹೊರಗಿನ ಒತ್ತಡವೂ ಇತ್ತು, ಆದರೆ ಅದನ್ನು ತೆಗೆಯಬೇಕು ಅನ್ನುವ ಒಮಾನಿಗಳನ್ನೂ ನಾನು ಕಂಡಿದ್ದೇನೆ. ಭಾಯಿಯೇ ಒಬ್ಬರು. "ಕೆಲಸಗಾರನ ಬೆವರು ಆರುವ ಮುಂಚೆ ಕೂಲಿ ಕೊಡು ಅಂತ ಪ್ರವಾದಿ ಹೇಳಿದ್ದಾರೆ. ಕೂಲಿ ಕೊಟ್ಟು ಕಾಲು ಕಟ್ಟಿಹಾಕು ಅಂತ ಹೇಳಿಲ್ಲ" ಅಂತ ಆಫೀಸಿನಲ್ಲಿ ಎಲ್ಲರ ಎದುರಿಗೇ ಅಂದಿದ್ದರು. ನನಗೆ ಯಾವ ಅಂತರರಾಷ್ಟ್ರೀಯ ವರದಿಗಿಂತಲೂ ಆ ಮಾತು ಜಾಸ್ತಿ ತೂಕದ್ದು ಅನಿಸಿತು, ಯಾಕೆಂದರೆ ಎದುರಿಗೆ ಕೂತಿದ್ದ ಒಮಾನಿ ಮ್ಯಾನೇಜರ್‌ಗೆ ಅದಕ್ಕೆ ಉತ್ತರ ಇರಲಿಲ್ಲ. ಮನೆಗೆಲಸದ ಹೆಂಗಸರ ಪಾಡು ಮಾತ್ರ ಇನ್ನೂ ನಮಗಿಂತ ಹಿಂದೆಯೇ ಇದೆ.

ಊರಿನಲ್ಲಿದ್ದ ಆ ಎರಡು ವರ್ಷದಲ್ಲಿ ಒಂದು ಒಳ್ಳೆಯದಾಯಿತು. ಬೀದರಿನ ನೌಬಾದ್ ಹತ್ತಿರದ ಸುರಂಗ ಬಾವಿ ನೋಡಿದೆ. ಕಾರೇಜ್ ಅಂತಾರೆ. ಅಷ್ಟು ವರ್ಷ ಅದರ ಪಕ್ಕದಲ್ಲೇ ಬಸ್ಸಿನಲ್ಲಿ ಓಡಾಡಿದ್ದೆ, ಯಾವುದೋ ಹಾಳು ಬಾವಿ ಅಂದುಕೊಂಡಿದ್ದೆ. ಬಹಮನಿ ಸುಲ್ತಾನರ ಕಾಲದ್ದು, ಪರ್ಷಿಯಾ ಕಡೆಯ ವಿದ್ಯೆ. ಮಹಮೂದ್ ಗವಾನ್ ಮದರಸಾ ಕಟ್ಟಿದ ಕಾಲದ ಆಸುಪಾಸು. ತಾಯಿ ಬಾವಿ, ನಡುವೆ ಬಾಯಿಗಳು, ತುಸುವೇ ಇಳಿಜಾರು, ಎಲ್ಲ ಫಲಜಿನ ಹಾಗೇ. ಮುರಕಲ್ಲು ಕೊರೆದು ಮಾಡಿದ್ದಾರೆ. ಅದಕ್ಕೆ ಸ್ವಲ್ಪ ಮುಂಚೆ ಜಿಲ್ಲಾಡಳಿತ ಹೂಳು ತೆಗೆಸಿತ್ತು, ಒಳಗೆ ತಣ್ಣಗೆ ನೀರು ಕಾಣುತ್ತಿತ್ತು. ಬಗ್ಗಿ ನೋಡುತ್ತಾ ನಿಂತವನಿಗೆ ಬಿರ್ಕತ್ ಅಲ್ ಮೌಜ್ ನೆನಪಾಗಿ ಒಂಥರಾ ಆಯಿತು.

ನೀರು ಅಂದರೆ ನಮ್ಮಲ್ಲಿ ಮಂತ್ರಿಯಾಗಿದ್ದ ನಜೀರ್ ಸಾಬರು ನೆನಪಾಗುತ್ತಾರೆ. ಹಳ್ಳಿಗಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನಿಸಿಕೊಂಡವರು. 1983ರ ಕಾಯ್ದೆ ತಂದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ನೂರಕ್ಕೆ 25 ಸೀಟು ಹೆಂಗಸರಿಗೆ ಇಟ್ಟವರು ಅವರೇ. 1987ರಲ್ಲಿ ಚುನಾವಣೆಯೂ ಆಯಿತು, ಮರು ವರ್ಷ ಅವರು ತೀರಿಕೊಂಡರು. ದೆಹಲಿಗೆ ಈ ಬುದ್ಧಿ ಬಂದದ್ದು 1992ರಲ್ಲಿ. ನಮ್ಮಲ್ಲೂ ನಹ್ದಾ ಆಗಿಲ್ಲ ಅಂತಲ್ಲ. ಬೋರ್‌ವೆಲ್‌ಗೆ ಮಾತ್ರ ಪಾಲಿನ ಲೆಕ್ಕ ಇಟ್ಟುಕೊಳ್ಳಲು ನಾವು ಮರೆತೆವು. ದುಡ್ಡಿದ್ದವನು ಆಳಕ್ಕೆ ಹೋದ, ಪಕ್ಕದವನ ಬಾವಿ ಬತ್ತಿತು. ಫಲಜಿನಲ್ಲಿ ಹಾಗೆ ಮಾಡಲು ಬರುವುದಿಲ್ಲ.

2018ರಲ್ಲಿ ಮಸ್ಕತ್‌ಗೆ ವಾಪಸ್ ಬಂದೆ, ಇನ್ನೊಂದು ಕಂಪನಿಗೆ. ಹೋದ ರಜೆಯಲ್ಲಿ ನೌಬಾದಿನ ಸುರಂಗದ ಫೋಟೋ ತೆಗೆದು ಭಾಯಿಗೆ ಕಳಿಸಿದೆ. ಅವರಿಗೆ ಖುಷಿಯೋ ಖುಷಿ. ತಕ್ಷಣ ಫೋನ್ ಮಾಡಿದರು.

"ಇದು ಫಲಜು! ನಿಮ್ಮಲ್ಲೂ ಇದೆ ಅಂತ ಯಾಕೆ ಹೇಳಲಿಲ್ಲ? ವಕೀಲ್ ಯಾರು?"

ಸ್ವಲ್ಪ ಯೋಚನೆ ಮಾಡಿ ಜಿಲ್ಲಾಧಿಕಾರಿ ಅಂದೆ.

"ಅವನಿಗೆ ಎಷ್ಟು ಅಥರ್ ಪಾಲಿದೆ?"

"ಏನೂ ಇಲ್ಲ ಭಾಯಿ. ಎರಡು ವರ್ಷಕ್ಕೆ ಅವನಿಗೆ ವರ್ಗ ಆಗುತ್ತದೆ."

"ಮತ್ತೆ ಪಾಲಿರುವವರು ಯಾರು?"

ಸಿಗ್ನಲ್ ಸರಿಯಿಲ್ಲ, ಆಮೇಲೆ ಮಾಡುತ್ತೇನೆ ಅಂದೆ.